ಜತ್ತ ಸೀಮೆಯಲ್ಲಿ ಗ್ಲೈಡರ್ ದೂರ ಹಾರಾಟದ ಸ್ಪರ್ಧೆ: ನಿಯಮ ಹೇಗಿರಬೇಕು?

ಪ್ರಶ್ನೆ (ಜತ್ತ):
ಮಾನ್ಯರೇ, ಜೋಳದ ಕೊಯ್ಲು ಮುಗಿದು ಬಿಸಿಲೇರುವ ಮಾರ್ಚ್ ತಿಂಗಳಲ್ಲಿ ನಾಲ್ಕೈದು ಗ್ಲೈಡರ್ (ಎಂಜಿನ್ ಬಲವಿಲ್ಲದೆ ಹಾರುವ ವಿಮಾನ) ಚಾಲಕರನ್ನು ಸೇರಿಸಿ ಚಿಕ್ಕ ಸ್ಪರ್ಧೆಯೊಂದನ್ನು ನಡೆಸಬೇಕೆಂಬುದು ನನ್ನ ಬಹುದಿನಗಳ ಆಸೆ. ಹಳೆಯ ಮತ್ತು ಹೊಸ ಗ್ಲೈಡರ್‌ಗಳು ಒಟ್ಟಿಗೆ ಹಾರುವಾಗ ಗೆಲುವನ್ನು ನ್ಯಾಯವಾಗಿ ನಿರ್ಣಯಿಸುವುದು ಹೇಗೆ?

ಉತ್ತರ (ಸೊಲ್ಲಾಪುರ):
ಪ್ರತಿ ಗ್ಲೈಡರಿನ ಸಾಮರ್ಥ್ಯಕ್ಕೆ ತಕ್ಕ ಹ್ಯಾಂಡಿಕ್ಯಾಪ್ ಅಂಕದಿಂದ ಅದರ ವೇಗವನ್ನು ಭಾಗಿಸುವುದು ರೂಢಿ. ಚಾಲಕರ ಅನುಭವದಲ್ಲೂ ಅಂತರವಿದ್ದರೆ, 500 ಮೀಟರ್ ತ್ರಿಜ್ಯದ ತಿರುವು ಬಿಂದುಗಳ (ದಾರಿಯಲ್ಲಿ ಮುಟ್ಟಿ ತಿರುಗಬೇಕಾದ ಗುರುತುಗಳ) ಬದಲು 15 ಅಥವಾ 20 ಕಿಲೋಮೀಟರ್ ತ್ರಿಜ್ಯದ ವೃತ್ತಗಳನ್ನು ಗೊತ್ತುಮಾಡಿ, ಕನಿಷ್ಠ ಎರಡು ಗಂಟೆ ಹಾರಬೇಕೆಂದು ವಿಧಿಸಿ. ಹೊಸಬರು ವೃತ್ತದ ಅಂಚನ್ನು ಮುಟ್ಟಿ ಮರಳಬಹುದು. ನುರಿತವರು ಒಳಕ್ಕೆ ಹೋಗಿ ದೂರ ಹೆಚ್ಚಿಸಿಕೊಳ್ಳಬಹುದು. ಬೇಗ ಮರಳಿದವರ ವೇಗಕ್ಕೂ ಎರಡು ಗಂಟೆಯೆಂದೇ ಲೆಕ್ಕ ಹಿಡಿಯುವುದರಿಂದ ಆತುರಕ್ಕೆ ಲಾಭವಿಲ್ಲ. ಹಾರಿದ ದಾರಿಯನ್ನು ಲಾಗರ್‌ನ (ಹಾರಾಟದ ದಾರಿಯನ್ನು ದಾಖಲಿಸುವ ಸಾಧನದ) ಐಜಿಸಿ ಕಡತದಿಂದ, ಅಂದರೆ ಗ್ಲೈಡರ್ ಹಾರಾಟ ದಾಖಲೆಯ ರೂಢಿಯ ಕಡತದಿಂದ, ಪರಿಶೀಲಿಸಿ.

ಉತ್ತರ (ಅಕ್ಕಲಕೋಟೆ):
ಅಂಕಗಳಿಗಿಂತ ಮೊದಲು, ಮೇಲೇರುವ ಗಾಳಿ ಸಿಗದಾಗ ಇಳಿಯಬೇಕಾದ ಹೊಲಗಳ ಚಿಂತೆಯಾಗಲಿ. ಮೇಲಿನಿಂದ ಹಸಿರು ಬಯಲಿನಂತೆ ತೋರುವ ದ್ರಾಕ್ಷಿ ಚಪ್ಪರದಲ್ಲಿ ಬಿಗಿದ ತಂತಿಗಳಿರುತ್ತವೆ. ಕಬ್ಬು ಆಳೆತ್ತರಕ್ಕಿಂತಲೂ ಹೆಚ್ಚು ಬೆಳೆದಿರುತ್ತದೆ. ಜೋಳದ ಹೊಲವೇ ಲೇಸು, ಆದರೆ ಎರೆಭೂಮಿಯ ಬಿರುಕುಗಳಲ್ಲಿ ನನ್ನ ಪಾದವೇ ಸಿಕ್ಕಿಕೊಂಡದ್ದುಂಟು. ಆದ್ದರಿಂದ ವಾರ ಮೊದಲೇ ನಡೆದು ನೋಡಿ, ರೈತರ ಒಪ್ಪಿಗೆ ಪಡೆದು, ಇಳಿದ ಗ್ಲೈಡರನ್ನು ಹೊತ್ತು ತರುವ ಟ್ರೇಲರ್ ಹೋಗುವ ಬಂಡಿದಾರಿಯನ್ನೂ ಗುರುತಿಸಿಕೊಳ್ಳಿ.

ಪ್ರಶ್ನಿಸಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ವಾಯುಪ್ರದೇಶದ ಅನುಮತಿಗೆ ಅರ್ಜಿ ಸಲ್ಲಿಸುವ ಮುನ್ನ, ಈ ಭಾನುವಾರವೇ ಹೊಲಗಳನ್ನು ನೋಡಲು ಹೊರಡುತ್ತೇನೆ.