ಧ್ವನಿಮುದ್ರಣಕ್ಕೂ ದಿನನಿತ್ಯದ ಬರವಣಿಗೆಗೂ ಸದ್ದು ಮಾಡದ ಲ್ಯಾಪ್‌ಟಾಪ್ ಬೇಕಾಗಿದೆ

ಶಿವಮೊಗ್ಗದ ಶಿಕ್ಷಕಿ (ಪ್ರಶ್ನೆ)

ನಾನು ಶಿವಮೊಗ್ಗ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮಳೆಗಾಲದಲ್ಲಿ ಶಾಲೆ ತಪ್ಪಿಸಿಕೊಳ್ಳುವ ಮಕ್ಕಳೂ ಕೇಳಿಕೊಳ್ಳಲಿ ಎಂದು ಹಳಗನ್ನಡ, ನಡುಗನ್ನಡ ಪದ್ಯಗಳನ್ನು ಓದಿ, ಅರ್ಥ ಬಿಡಿಸಿ, ಧ್ವನಿಮುದ್ರಿಸಿ ಕಳುಹಿಸುವ ರೂಢಿಯನ್ನು ಮೂರು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಮನೆಯವರು ಮಲಗಿದ ಮೇಲೆ ಕಿಟಕಿ ಮುಚ್ಚಿ, ಸೀಲಿಂಗ್ ಫ್ಯಾನ್ ನಿಲ್ಲಿಸಿ ಕುಳಿತರೆ, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಲ್ಯಾಪ್‌ಟಾಪಿನ ಒಳಗಿನ ಫ್ಯಾನ್ ಏರುದನಿಯಲ್ಲಿ ತಿರುಗಲು ತೊಡಗುತ್ತದೆ. ಷಟ್ಪದಿಯ ಪಾದದ ಕೊನೆಯಲ್ಲಿ ನಾನು ಉಸಿರಿಗೆಂದು ನಿಂತ ಜಾಗವನ್ನೆಲ್ಲ ಆ ಸದ್ದೇ ತುಂಬಿಕೊಳ್ಳುತ್ತದೆ. ಮಕ್ಕಳಿಗೆ ಯತಿ ಎಲ್ಲಿ ಬಂತೆಂದು ಕಿವಿಯಿಂದಲೇ ತಿಳಿಯಬೇಕೆಂಬುದು ನನ್ನ ಆಸೆಯಾದ್ದರಿಂದ ಇದು ನನಗೆ ಸಣ್ಣ ತೊಂದರೆಯಲ್ಲ.

ಈಗಿರುವ ಯಂತ್ರವನ್ನು 2017ರಲ್ಲಿ ಕೊಂಡೆ. ಏಳನೆಯ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಇದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. ಆದ್ದರಿಂದ ಹೊಸದೊಂದನ್ನು ಕೊಳ್ಳುವ ಯೋಚನೆಯಿದ್ದು, 60,000 ರೂಪಾಯಿಯವರೆಗೆ ಹೊಂದಿಸಬಲ್ಲೆ. ಕನ್ನಡ ಟೈಪಿಂಗ್, ಅಂಕಪಟ್ಟಿ, ಬ್ರೌಸರ್, ಅಪರೂಪಕ್ಕೆ ವಿಡಿಯೊ, ಜೊತೆಗೆ ಈ ಧ್ವನಿಮುದ್ರಣ, ಇವಿಷ್ಟೇ ನನ್ನ ಕೆಲಸ. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳು ನೂರಾರಿವೆ. ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಗೇಮಿಂಗ್ ಲ್ಯಾಪ್‌ಟಾಪಿನ ಫ್ಯಾನ್ ದೊಡ್ಡದಾದ್ದರಿಂದ ಅದನ್ನೇ ತೆಗೆದುಕೊಳ್ಳಿ ಎಂದರು. ಇದು ಸರಿಯೇ? ಫ್ಯಾನೇ ಇಲ್ಲದ ಯಂತ್ರಗಳೂ ಇವೆಯಂತೆ. ಅವು ನಮ್ಮ ಕೆಲಸಕ್ಕೆ ಸಾಲುತ್ತವೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಹುಬ್ಬಳ್ಳಿಯ ರಿಪೇರಿ ಕೆಲಸದವನು

ಮೇಡಂ, ಹೊಸದನ್ನು ಕೊಳ್ಳುವ ಮೊದಲು ಹಳೆಯ ಯಂತ್ರದಿಂದ ಬರುತ್ತಿರುವ ಸದ್ದು ಯಾವುದೆಂದು ಗುರುತಿಸಿಕೊಳ್ಳಿ. ಒಂದೇ ಸದ್ದು ಎಂದು ನಾವು ತಿಳಿದದ್ದರಲ್ಲಿ ಅನೇಕ ಸಲ ಎರಡು ಮೂರು ಕೂಡಿಕೊಂಡಿರುತ್ತವೆ. ಗಾಳಿ ನುಗ್ಗುವಂಥ ಸದ್ದು ಫ್ಯಾನಿನದು. ಮೇಜಿಗೆ ಕೈಯಿಟ್ಟರೆ ಕಂಪನವಾಗಿ ತಿಳಿಯುವ ತಗ್ಗುದನಿಯ ಗುಂಯ್‌ಗುಟ್ಟುವಿಕೆ ಹಾರ್ಡ್ ಡಿಸ್ಕಿನದು; ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್ ಎಂದರೆ ಸೆಕೆಂಡಿಗೆ 90 ಸುತ್ತು, ಅದು ಮರದ ಮೇಜಿನ ಮೂಲಕ ಮೈಕಿಗೂ ತಲುಪುತ್ತದೆ. ಪರದೆಯಲ್ಲಿ ಪುಟವನ್ನು ಮೇಲೆ ಕೆಳಗೆ ಸರಿಸುವಾಗ ಸಣ್ಣಗೆ ಕೀಚಲಾಗಿ ಕೇಳಿಸಿದರೆ ಅದು ವಿದ್ಯುತ್ ಸುರುಳಿಗಳು ಕಂಪಿಸುವ ಸದ್ದು. ಈ ಕೊನೆಯದು ಒಂದೇ ಮಾದರಿಯ ಎರಡು ಯಂತ್ರಗಳಲ್ಲಿ ಒಂದಕ್ಕಿದ್ದು ಇನ್ನೊಂದಕ್ಕೆ ಇಲ್ಲದಿರಬಹುದು, ಎಷ್ಟು ಸ್ವಚ್ಛ ಮಾಡಿದರೂ ಹೋಗುವುದಿಲ್ಲ.

ಎಂಟು ವರ್ಷ ದಾಟಿದ ಯಂತ್ರವನ್ನು ನಾನು ಬಿಚ್ಚಿದಾಗಲೆಲ್ಲ ಕಾಣುವುದು ಹೆಚ್ಚುಕಡಿಮೆ ಒಂದೇ ನೋಟ. ಫ್ಯಾನಿನ ಎಲೆಗಳ ಮೇಲೆ ಧೂಳು ತೆಳುವಾಗಿರುತ್ತದೆ, ಆದರೆ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಬಟ್ಟೆಯ ನಾರು ಸೇರಿ ಕಂಬಳಿಯ ತುಂಡಿನಂತೆ ಕಟ್ಟಿಕೊಂಡಿರುತ್ತದೆ. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಗಾಳಿ ಹೊರಗೆ ಹೋಗುವುದಿಲ್ಲ, ಬಿಸಿ ಇಳಿಯುವುದಿಲ್ಲ, ಆದ್ದರಿಂದ ಅದು ಇನ್ನೂ ಜೋರಾಗುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಆ ಪದರ ಕದಲುವುದಿಲ್ಲ. ಕೆಳಗಿನ ಮುಚ್ಚಳ ತೆಗೆಯಲೇಬೇಕು. ಗಾಳಿ ಊದುವಾಗ ಫ್ಯಾನಿನ ಎಲೆಗಳು ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳುವುದನ್ನು ಮರೆಯಬಾರದು, ಇಲ್ಲವಾದರೆ ಬೇರಿಂಗ್ ಕೆಡಬಹುದು. ಜೊತೆಗೆ ಪ್ರೊಸೆಸರ್‌ನ ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸಿ, ಹಾರ್ಡ್ ಡಿಸ್ಕಿನ ಜಾಗದಲ್ಲಿ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿ. ಹೊಸ ಯಂತ್ರದ ಬೆಲೆಗೆ ಹೋಲಿಸಿದರೆ ಇದು ಸಣ್ಣ ಖರ್ಚು. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡರೆ ಬರವಣಿಗೆಯ ಮಟ್ಟಿಗೆ ಆ ಯಂತ್ರ ಇನ್ನೂ ಕೆಲವು ವರ್ಷ ನಡೆದೀತು.

ಗೇಮಿಂಗ್ ಲ್ಯಾಪ್‌ಟಾಪಿನ ಸಲಹೆಯನ್ನು ಮಾತ್ರ ಕೇಳಬೇಡಿ. ಅದರ ಫ್ಯಾನ್ ದೊಡ್ಡದೆಂಬುದು ನಿಜವಾದರೂ, ಅದು ತಂಪು ಮಾಡಬೇಕಾದ ಬಿಸಿ ಅದಕ್ಕಿಂತಲೂ ದೊಡ್ಡದು.

ಬೆಂಗಳೂರಿನ ಎಂಜಿನಿಯರ್

ಮೇಲಿನವರ ಮಾತು ಸರಿಯಾಗಿದೆ. ಕೊಳ್ಳುವ ವಿಷಯದಲ್ಲಿ ನಾನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಂತ್ರ ನಿಶ್ಶಬ್ದವಾಗಿರುವುದು ಅದು ಬಿಸಿಯಾಗದಿದ್ದಾಗ, ಎಷ್ಟು ಬಿಸಿಯಾಗುತ್ತದೆ ಎಂಬುದರ ಅಳತೆ ವ್ಯಾಟ್. ಆದ್ದರಿಂದ ಪೆಟ್ಟಿಗೆಯ ಮೇಲಿನ ‘ಐ5’ ಎಂಬ ಹೆಸರಿಗಿಂತ ಪ್ರೊಸೆಸರ್ ಸಂಖ್ಯೆಯ ಕೊನೆಯ ಅಕ್ಷರವನ್ನು ಮೊದಲು ಓದಬೇಕು. ಐ5-1335ಯು ಮತ್ತು ಐ5-13420ಎಚ್ ಎರಡೂ ಐ5ಗಳೇ. ಮೊದಲನೆಯದರ ಮೂಲ ಮಿತಿ 15 ವ್ಯಾಟ್, ಅಲ್ಪಕಾಲದ ಗರಿಷ್ಠ 55 ವ್ಯಾಟ್. ಎರಡನೆಯದು 45 ವ್ಯಾಟ್‌ನಿಂದ ಶುರುವಾಗಿ 95 ವ್ಯಾಟ್‌ವರೆಗೆ ಏರಬಲ್ಲದು. ಎಚ್ ಇರುವುದರ ವೇಗ ಹೆಚ್ಚೆಂದು ಅಂಗಡಿಯವರು ಅದನ್ನೇ ಮುಂದೆ ಮಾಡುತ್ತಾರೆ, ಆದರೆ ನಿಮ್ಮ ಕೆಲಸಕ್ಕೆ ಆ ವೇಗದಿಂದ ಸಿಗುವ ಲಾಭ ಏನೂ ಇಲ್ಲ. ಯು ಅಕ್ಷರದ, 16 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರುವ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರವನ್ನು ಹುಡುಕಿರಿ. ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್‌ಗಳಲ್ಲಿಯೂ ಯು ಅಕ್ಷರದ ಅರ್ಥ ಸುಮಾರಾಗಿ ಇದೇ.

ಫ್ಯಾನಿನ ಒಂದು ಗುಣವನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿಯ ಹರಿವೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್‌ನಷ್ಟು ಕೆಳಗಿಳಿಯುತ್ತದೆ. ನಮ್ಮ ಕಿವಿಗೆ 10 ಡೆಸಿಬಲ್ ಇಳಿದರೇ ಸದ್ದು ಅರ್ಧವಾದಂತೆ ತೋರುತ್ತದೆಂಬುದನ್ನು ನೆನೆದರೆ, ಸ್ವಲ್ಪವೇ ಬಿಸಿ ಕಡಿಮೆ ಮಾಡಿದರೂ ಎಷ್ಟು ದೊಡ್ಡ ವ್ಯತ್ಯಾಸ ಕಾಣುತ್ತದೆ ಎಂಬುದು ತಿಳಿಯುತ್ತದೆ. ಅತಿ ತೆಳುವಾದ ಯಂತ್ರಗಳಲ್ಲಿ ಫ್ಯಾನೂ ಸಣ್ಣದಾಗಿರುವುದರಿಂದ ಅಷ್ಟೇ ಗಾಳಿ ತಳ್ಳಲು ಅದು ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ, ದನಿಯೂ ತೀಕ್ಷ್ಣವಾಗುತ್ತದೆ.

ಕಂಪನಿಗಳ ಜಾಹೀರಾತಿನಲ್ಲಿ ಕಾಣುವ ಡೆಸಿಬಲ್ ಅಂಕಿಯನ್ನು, ಎಷ್ಟು ದೂರದಿಂದ, ಯಾವ ಕೆಲಸ ನಡೆಯುವಾಗ ಅಳೆದರೆಂದು ಹೇಳದಿದ್ದರೆ, ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದರೆ 6 ಡೆಸಿಬಲ್ ತಾನಾಗಿಯೇ ಇಳಿಯುತ್ತದೆ. ನೋಟ್‌ಬುಕ್‌ಚೆಕ್ ಎಂಬ ವಿಮರ್ಶಾ ತಾಣದವರು ಪ್ರತಿ ಯಂತ್ರವನ್ನೂ 15 ಸೆಂಟಿಮೀಟರ್ ದೂರದಿಂದಲೇ ಅಳೆಯುವುದರಿಂದ ಅವರ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು. ಅಲ್ಲಿ ಗರಿಷ್ಠ ಸದ್ದಿಗಿಂತ ಮುಖ್ಯವಾಗಿ ನೋಡಬೇಕಾದದ್ದು ಯಂತ್ರ ಸುಮ್ಮನಿರುವಾಗ ಫ್ಯಾನ್ ಪೂರ್ತಿ ನಿಲ್ಲುತ್ತದೆಯೇ ಎಂಬುದನ್ನು. ಕೆಲವು ಮಾದರಿಗಳಲ್ಲಿ ಅದು ಬಿಸಿಯಿಲ್ಲದಿದ್ದರೂ ತಿರುಗುತ್ತಲೇ ಇರುತ್ತದೆ, ಇನ್ನು ಕೆಲವು ಮಾದರಿಗಳಲ್ಲಿ ನಿಮಿಷಕ್ಕೊಮ್ಮೆ ನಿಂತು ಮತ್ತೆ ಶುರುವಾಗುತ್ತದೆ. ನನ್ನ ಅನುಭವದಲ್ಲಿ ಮನಸ್ಸನ್ನು ಕೆಡಿಸುವುದು ಈ ಏರಿಳಿತವೇ. ಒಂದೇ ಸಮನೆ ಬರುವ ಮೆಲುದನಿಗೆ ಕಿವಿ ಬೇಗ ಹೊಂದಿಕೊಳ್ಳುತ್ತದೆ.

ವಿಡಿಯೊ ನೋಡುವಾಗ ಫ್ಯಾನ್ ಜೋರಾಗುವುದಕ್ಕೆ ಬೇರೆಯದೇ ಕಾರಣವಿರಬಹುದು. ಈಚೆಗೆ ಅಂತರ್ಜಾಲದ ಅನೇಕ ವಿಡಿಯೊಗಳು ಎವಿ1 ಎಂಬ ರೂಪದಲ್ಲಿ ಬರುತ್ತವೆ. ಅದನ್ನು ಬಿಡಿಸುವ ಪ್ರತ್ಯೇಕ ಭಾಗ ಇಂಟೆಲ್‌ನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಹನ್ನೊಂದನೆಯ ತಲೆಮಾರಿನಿಂದ ಇದೆ; ನಿಮ್ಮ ಏಳನೆಯ ತಲೆಮಾರಿನ ಐ3ಯಲ್ಲಿ ಇಲ್ಲದ್ದರಿಂದ ಇಡೀ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಅಂಗಡಿಗಳಲ್ಲಿ ಹೇರಳವಾಗಿ ಸಿಗುವ ರೈಜನ್ 5 7530ಯು ಹೆಸರಿನಲ್ಲಿ 7000ದ ಸರಣಿಯದಾದರೂ ಒಳಗಿನದು 5000 ಸರಣಿಯ ವಿನ್ಯಾಸವೇ ಆಗಿದ್ದು, ಅದರಲ್ಲಿ ಎವಿ1 ಬಿಡಿಸುವ ಭಾಗವಿಲ್ಲ.

ಕಲಬುರಗಿಯ ಅನುವಾದಕ

ಫ್ಯಾನ್ ಇಲ್ಲದ ಯಂತ್ರದ ಬಗ್ಗೆ ಯಾರೂ ಹೇಳದ ಕಾರಣ ನಾನು ಬರೆಯುತ್ತಿದ್ದೇನೆ. 2020ರ ನವೆಂಬರ್‌ನಲ್ಲಿ ಬಂದ ಆ್ಯಪಲ್‌ನ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಇಲ್ಲ, ಆಮೇಲಿನ ಎಂ2, ಎಂ3, ಎಂ4 ಏರ್‌ಗಳಲ್ಲಿಯೂ ಇಲ್ಲ. ನಾನು ಎಂ1 ಏರ್‌ನಲ್ಲಿ ಅನುವಾದ ಮಾಡುತ್ತೇನೆ. ಚಳಿಗಾಲದ ರಾತ್ರಿ ಅದರ ಮುಂದೆ ಕುಳಿತಾಗ ನನಗೆ ಕೇಳಿಸುವುದು ಗೋಡೆ ಗಡಿಯಾರ ಮತ್ತು ನನ್ನ ಬೆರಳುಗಳ ಸದ್ದು ಮಾತ್ರ. ಈ ಸುಖವನ್ನು ಒಮ್ಮೆ ಕಂಡವರು ಹಿಂದಿನದಕ್ಕೆ ಮರಳುವುದು ಕಷ್ಟ.

ಆದರೆ ನಮ್ಮ ಬೇಸಿಗೆಯ ವಿಚಾರವನ್ನು ಮುಚ್ಚಿಡಬಾರದು. ಈ ಯಂತ್ರವನ್ನು 10ರಿಂದ 35 ಡಿಗ್ರಿ ಸೆಲ್ಸಿಯಸ್‌ನ ವಾತಾವರಣದಲ್ಲಿ ಬಳಸಬೇಕೆಂದು ಆ್ಯಪಲ್ ಸಂಸ್ಥೆಯೇ ಹೇಳುತ್ತದೆ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುವುದು ಮಾಮೂಲು. ಆಗ ಮಧ್ಯಾಹ್ನ ದೊಡ್ಡ ಕೆಲಸ ಕೊಟ್ಟರೆ ತನ್ನನ್ನು ಕಾಪಾಡಿಕೊಳ್ಳಲು ಯಂತ್ರ ವೇಗವನ್ನು ಇಳಿಸಿಕೊಳ್ಳುತ್ತದೆ. ಬರವಣಿಗೆಗೆ ಅದು ಅಡ್ಡಿಯಾಗಿಲ್ಲ, ಆದರೆ ಉದ್ದನೆಯ ವಿಡಿಯೊ ಸಂಕಲನವನ್ನು ನಾನು ಬೆಳಗಿನ ಜಾವಕ್ಕೆ ಮುಂದೂಡುತ್ತೇನೆ. ಶಿವಮೊಗ್ಗದಲ್ಲಿ ಇಷ್ಟು ಕಷ್ಟವಾಗಲಾರದು. ನಿಮ್ಮ ಮೊತ್ತಕ್ಕೆ ಹೊಸದು ಸಿಗದಿದ್ದರೆ ಬಳಸಿದ್ದನ್ನು ನೋಡಬಹುದು, ಬ್ಯಾಟರಿಯ ಸ್ಥಿತಿಯನ್ನು ಪರೀಕ್ಷಿಸಿಯೇ ಹಣ ಕೊಡಿ.

ಮೇಡಂ, ನಿಮ್ಮ ನುಡಿ ಕಡತಗಳ ಮಾತು ಓದಿ ನನಗೆ ಆತಂಕವಾಯಿತು. ಮ್ಯಾಕ್‌ನಲ್ಲಿ ಕನ್ನಡ ಕೀಲಿಮಣೆ ಇದ್ದೇ ಇದೆ, ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಯುನಿಕೋಡ್ ಸಂಕೇತದಲ್ಲಿನ ಬರಹಕ್ಕೆ ಯಾವ ತೊಡಕೂ ಇಲ್ಲ. ಆದರೆ ನುಡಿ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ. ನಿಮ್ಮ ಹಳೆಯ ಕಡತಗಳು ಯುನಿಕೋಡ್ ಪೂರ್ವದ ಅಕ್ಷರವಿನ್ಯಾಸದಲ್ಲಿದ್ದರೆ ಅವನ್ನು ಈಗಿರುವ ಯಂತ್ರದಲ್ಲಿಯೇ ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಂದೆರಡು ಪುಟಗಳಲ್ಲಿ ಪರಿಶೀಲಿಸಿ, ಆಮೇಲೆ ಮ್ಯಾಕ್‌ನ ಯೋಚನೆ ಮಾಡಿ. ನಾನು ಹಾಗೆ ಮಾಡದೆ ಎರಡು ತಿಂಗಳು ತೊಂದರೆಪಟ್ಟೆ.

ಶಿವಮೊಗ್ಗದ ಶಿಕ್ಷಕಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಊರಿನ ರಿಪೇರಿಯವರಲ್ಲಿ ಯಂತ್ರವನ್ನು ಬಿಚ್ಚಿಸಿದಾಗ ಹುಬ್ಬಳ್ಳಿಯವರು ಹೇಳಿದ ಕಂಬಳಿಯಂಥ ಪದರ ಇಡಿಯಾಗಿ ಕೈಗೆ ಬಂತು. ಸದ್ದು ಬಹಳ ತಗ್ಗಿದೆ, ಆದರೆ ಓದು ಇಪ್ಪತ್ತು ನಿಮಿಷ ದಾಟಿದರೆ ಮತ್ತೆ ಏರುತ್ತದೆ. ನುಡಿ ಕಡತಗಳ ಕಾರಣ ವಿಂಡೋಸ್‌ನಲ್ಲಿಯೇ ಇರುತ್ತೇನೆ, ಯು ಅಕ್ಷರದ ಯಂತ್ರವನ್ನೇ ನೋಡುತ್ತಿದ್ದೇನೆ. ಧ್ವನಿಮುದ್ರಣದ ಹೊತ್ತಿನಲ್ಲಾದರೂ ಫ್ಯಾನ್ ಪೂರ್ತಿ ಸುಮ್ಮನಿರುವಂತೆ ಮಾಡಲು ಏನಾದರೂ ಉಪಾಯವಿದೆಯೇ?

ಬೆಂಗಳೂರಿನ ಎಂಜಿನಿಯರ್

ಇದೆ. ಧ್ವನಿಮುದ್ರಣ ಪ್ರೊಸೆಸರ್‌ಗೆ ಬಹಳ ಹಗುರವಾದ ಕೆಲಸ. ಫ್ಯಾನನ್ನು ಎಬ್ಬಿಸುವುದು ಹಿನ್ನೆಲೆಯಲ್ಲಿ ತೆರೆದಿಟ್ಟ ಬ್ರೌಸರ್, ವೈರಸ್ ತಪಾಸಣೆ, ಕಡತಗಳ ಸಿಂಕ್ ಮೊದಲಾದವು. ಅವನ್ನು ನಿಲ್ಲಿಸಿ, ವಿಂಡೋಸ್‌ನ ಪವರ್ ಮೋಡನ್ನು ‘ಬೆಸ್ಟ್ ಪವರ್ ಎಫಿಶಿಯೆನ್ಸಿ’ಗೆ ಬದಲಿಸಿ. ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿ 100 ಎಂದಿರುವುದನ್ನು 99 ಮಾಡಿದರೆ ಪ್ರೊಸೆಸರ್ ಅಲ್ಪಕಾಲ ಏರಿಸಿಕೊಳ್ಳುವ ಟರ್ಬೊ ವೇಗ ನಿಂತುಹೋಗುತ್ತದೆ, ಬಿಸಿ ಗಣನೀಯವಾಗಿ ಇಳಿಯುತ್ತದೆ. ಆ ಆಯ್ಕೆ ಕೆಲವು ಯಂತ್ರಗಳಲ್ಲಿ ಮರೆಯಾಗಿರುತ್ತದೆ. ಡೆಲ್‌ನ ತಂತ್ರಾಂಶದಲ್ಲಿ ‘ಕ್ವೈಟ್’, ಏಸಸ್‌ನಲ್ಲಿ ‘ವಿಸ್ಪರ್’ ಎಂಬ ಸ್ಥಿತಿಗಳಿವೆ, ಲೆನೊವೊದ ಐಡಿಯಾಪ್ಯಾಡ್‌ಗಳಲ್ಲಿ ಎಫ್‌ಎನ್ ಜೊತೆ ಕ್ಯೂ ಒತ್ತಿ ಬದಲಿಸಬಹುದು. ಹೊಸ ಯಂತ್ರ ಬಂದ ಮೊದಲ ಒಂದೆರಡು ದಿನ ಅಪ್‌ಡೇಟ್ ಮತ್ತು ಕಡತಗಳ ಸೂಚಿ ತಯಾರಿಯಿಂದ ಫ್ಯಾನ್ ತಿರುಗುತ್ತದೆ, ಅಷ್ಟಕ್ಕೇ ಹಿಂತಿರುಗಿಸಬೇಡಿ. ಆದರೆ ಹಿಂತಿರುಗಿಸುವ ಷರತ್ತುಗಳನ್ನು ಕೊಳ್ಳುವ ಮೊದಲೇ ಓದಿಕೊಳ್ಳಿ, ಸದ್ದನ್ನು ದೋಷವೆಂದು ಒಪ್ಪದ ಮಾರಾಟಗಾರರಿದ್ದಾರೆ.

ಇನ್ನೊಂದು ಮಾತು. ಲ್ಯಾಪ್‌ಟಾಪಿನ ಒಳಮೈಕು ಸಾಮಾನ್ಯವಾಗಿ ಪರದೆಯ ಅಂಚಿನಲ್ಲಿ, ಫ್ಯಾನಿಗೆ ನಿಮ್ಮ ಬಾಯಿಗಿಂತ ಹತ್ತಿರದಲ್ಲಿರುತ್ತದೆ. ಸೆರಗಿಗೆ ಸಿಕ್ಕಿಸುವ ಕಾಲರ್ ಮೈಕನ್ನು ಬಾಯಿಗೆ ಒಂದು ಗೇಣು ದೂರದಲ್ಲಿ ಹಾಕಿಕೊಂಡು, ಫ್ಯಾನೇ ಇಲ್ಲದ ನಿಮ್ಮ ಮೊಬೈಲಿನಲ್ಲಿ ಪದ್ಯವನ್ನು ಮುದ್ರಿಸಿ, ಕತ್ತರಿಸಿ ಜೋಡಿಸುವ ಕೆಲಸಕ್ಕೆ ಮಾತ್ರ ಲ್ಯಾಪ್‌ಟಾಪ್ ತೆರೆಯಬಹುದಲ್ಲವೇ? ಶುರುವಿನಲ್ಲಿ ಐದು ಸೆಕೆಂಡು ಮೌನವನ್ನೂ ಮುದ್ರಿಸಿಕೊಳ್ಳಿ. ಆಡಾಸಿಟಿಯಂಥ ತಂತ್ರಾಂಶ ಆ ಮೌನದಿಂದ ಕೋಣೆಯ ಸದ್ದನ್ನು ಗುರುತಿಸಿ ಉಳಿದ ಭಾಗದಿಂದ ತಗ್ಗಿಸುತ್ತದೆ; ಒಂದೇ ಸಮನಾದ ಸದ್ದನ್ನು ಅದು ಚೆನ್ನಾಗಿ ತೆಗೆಯುತ್ತದೆ, ಏರಿಳಿಯುವುದನ್ನು ತೆಗೆಯಲಾರದು.

ಶಿವಮೊಗ್ಗದ ಶಿಕ್ಷಕಿ

ಮೊಬೈಲಿನ ಯೋಚನೆ ನನಗೆ ಹೊಳೆದೇ ಇರಲಿಲ್ಲ. ಮಗನ ಕಾಲರ್ ಮೈಕು ಮನೆಯಲ್ಲಿಯೇ ಇತ್ತು. ಇಂದು ರಾತ್ರಿ ಒಂದು ಭಾಮಿನಿ ಷಟ್ಪದಿಯನ್ನು ಹಾಗೆ ಮುದ್ರಿಸಿ ಕೇಳಿದೆ. ಮೂರನೆಯ ಪಾದದ ಕೊನೆಯಲ್ಲಿ ನಾನು ನಿಂತದ್ದು ನಿಂತ ಹಾಗೆಯೇ ಕೇಳಿಸಿತು. ಲ್ಯಾಪ್‌ಟಾಪನ್ನು ಅವಸರವಿಲ್ಲದೆ, ಅಳತೆಗಳನ್ನು ಹೋಲಿಸಿ ನೋಡಿ, ಮುಂದಿನ ತಿಂಗಳು ಕೊಳ್ಳುತ್ತೇನೆ.