ಅಕ್ಕನ ಗ್ರಾಚ್ಯುಟಿ ಬಾಕಿ: ಅರ್ಜಿ ಸಲ್ಲಿಸಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಟೈಲರ್ ಆಗಿ ದುಡಿದ ನನ್ನ ಅಕ್ಕ 2024ರ ಜೂನ್‌ನಲ್ಲಿ ರಾಜೀನಾಮೆ ನೀಡಿದರು. ಐದು ವರ್ಷ ನಿರಂತರ ಸೇವೆ ಪೂರೈಸಿದವರಿಗೆ ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯ ಪ್ರಕಾರ ವರ್ಷಕ್ಕೆ 15 ದಿನಗಳ ವೇತನ ಗ್ರಾಚ್ಯುಟಿಯಾಗಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಸೇವಾ ಮೊತ್ತವಾಗಿ, ಸಲ್ಲಬೇಕಿತ್ತು. ಅವರ ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ರೂಪಾಯಿ ಇದ್ದುದರಿಂದ, ಅದನ್ನು 26ರಿಂದ (ತಿಂಗಳ ಕೆಲಸದ ದಿನಗಳು) ಭಾಗಿಸಿ, 15 ದಿನ ಮತ್ತು ಒಂಬತ್ತು ವರ್ಷದಿಂದ ಗುಣಿಸಿದರೆ 67,500 ರೂಪಾಯಿ ಬರಬೇಕಾಗುತ್ತದೆ.

ಕೆಲಸ ಬಿಟ್ಟ 30 ದಿನಗಳೊಳಗೆ ಕೊಡಬೇಕಾದ ಈ ಹಣಕ್ಕಾಗಿ ಅಕ್ಕ ಎಷ್ಟು ಸಲ ಅಲೆದರೂ, ‘ರಾಜೀನಾಮೆ ಕೊಟ್ಟವರಿಗೆ ಗ್ರಾಚ್ಯುಟಿ ಇಲ್ಲ’ ಎಂಬ ಉತ್ತರವೇ ಸಿಕ್ಕಿತು. (ಕಾಯ್ದೆಯಲ್ಲಿ ರಾಜೀನಾಮೆಯ ಉಲ್ಲೇಖ ಸ್ಪಷ್ಟವಾಗಿಯೇ ಇದೆ.) ಈಗ ಅರ್ಜಿಯ ಗಡುವು ಮೀರಿರುವುದರಿಂದ, ಗ್ರಾಚ್ಯುಟಿ ದೂರುಗಳನ್ನು ವಿಚಾರಿಸುವ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಗೆ ತಡವಾಗಿ ಅರ್ಜಿ ಸಲ್ಲಿಸಿದ ಅನುಭವ ಇರುವವರು, ವಿಳಂಬಕ್ಕೆ ಯಾವ ಕಾರಣ ನೀಡಿದಿರಿ, ನೇಮಕಾತಿ ಪತ್ರವಿಲ್ಲದಿದ್ದರೆ ಪಿಎಫ್ ಪಾಸ್‌ಬುಕ್ ಮತ್ತು ವೇತನ ಚೀಟಿಗಳು ಸಾಕಾದವೇ ಎಂಬುದನ್ನು ದಯವಿಟ್ಟು ತಿಳಿಸಿ.