ಕೇಂದ್ರೀಯ ವಿದ್ಯಾಲಯದ ಪ್ರಿನ್ಸಿಪಾಲ್ ಪರೀಕ್ಷಾಕ್ಕ ಎಲ್ಲಿಂದ ಓದಾಕ ಚಾಲೂ ಮಾಡ್ಲಿ?

ಗುಮ್ಮಟನಗರಿ:
ನಮಸ್ಕಾರ್ರಿ ಎಲ್ಲಾರಿಗೂ. ನಾ ವಿಜಯಪುರ ಜಿಲ್ಲಾದಾಗ ಪಿಯು ಕಾಲೇಜ್ ಇತಿಹಾಸ ಲೆಕ್ಚರರ್, ಸರ್ವೀಸ್ 11 ವರ್ಷ, ಎಂ.ಎ. ಬಿ.ಎಡ್. ಆಗೈತಿ, ವಯಸ್ಸು 45. ಕೇಂದ್ರೀಯ ವಿದ್ಯಾಲಯದ ಪ್ರಿನ್ಸಿಪಾಲ್ ಪೋಸ್ಟ್ ಮುಂದ ಕರದ್ರ ಹಾಕಬೇಕಂತ ಮಾಡೀನಿ, 2022ರಾಗ ಕರದಾಗ ವಯಸ್ಸು 35ರಿಂದ 50 ಅಂತ ಇತ್ತು, ಹಂಗಾಗಿ ನನಗ ಭಾಳ ಟೈಮ್ ಇಲ್ಲ. ನಮ್ಮನಿಯವ್ರು ಹಾಕು ಅಂತಾರ. ಆದ್ರ ಸಿಲಬಸ್ ನೋಡಿದ್ರ ನನ್ನ ಸಬ್ಜೆಕ್ಟಿನ ಸುದ್ದೀನ ಇಲ್ಲ, ಬರೇ ಅಡ್ಮಿನಿಸ್ಟ್ರೇಷನ್, ಫೈನಾನ್ಸ್, ರೂಲ್ಸು, ಮ್ಯಾಲ ಹಿಂದಿ ಬ್ಯಾರೆ. ಬರದವ್ರು ಯಾರರ ಇದ್ರ ಹೇಳ್ರಿ.

ಕುಂದಾನಗರಿ:
ಮೇಡಂ, ನಾ 2023ರ ಫೆಬ್ರುವರಿದಾಗ ಬರದಿದ್ದೆ, ಆಗಲಿಲ್ಲ. ರಾತ್ರಿ ಹನ್ನೆರಡರ ತನಕ ಪೆಡಗಾಜಿ (ಕಲಿಸೂ ವಿಧಾನ) ಓದಿ ರೂಲ್ಸ್ ಬುಕ್ ಮುಟ್ಟಲೇ ಇಲ್ಲ, ಅಲ್ಲೇ ಹೊಡತ ಬಿತ್ತು. ನಮಗ ರಾಜ್ಯ ನೌಕರರ ಕೆಸಿಎಸ್‌ಆರ್ ರೂಲ್ಸ್ ರೂಢಿ, ಅಲ್ಲಿ ಕೇಂದ್ರ ನೌಕರರ ಸಿಸಿಎಸ್ ರೂಲ್ಸ್ ಮತ್ತ ಕೇಂದ್ರ ಸರ್ಕಾರದ ಖರ್ಚು-ಖರೀದಿ ರೂಲ್ಸ್ ಆದ ಜಿಎಫ್‌ಆರ್ 2017. ಈಗ ನಾ ಏನ್ ಮಾಡೀನಿ ಅಂದ್ರ ಜಿಎಫ್‌ಆರ್ 155ನೇ ರೂಲ್ ಓದೂದು, ಆಮ್ಯಾಲ ನಮ್ಮ ಆಫೀಸಿನ ಎಫ್‌ಡಿಎ (ಕ್ಲರ್ಕ್) ಅಕ್ಕಾರ ಬಾಜೂ ಕುಂತು ಬೆಂಚ್ ಖರೀದಿ ಫೈಲ್ ತಗಸಿ ನೋಡೂದು. 155 ಪ್ರಕಾರ ಮೂರು ಮಂದಿ ಕಮಿಟಿ ಮಾರ್ಕೆಟ್ ಅಡ್ಡಾಡಿ ರೇಟ್, ಕ್ವಾಲಿಟಿ ನೋಡಿ ಮೂವರೂ ಸರ್ಟಿಫಿಕೇಟಿಗೆ ಸೈನ್ ಹಾಕಬೇಕು. ಫೈಲ್ ಕೈಯಾಗ ಹಿಡದ ಮ್ಯಾಲ ಅದು ಮರಿಯೂದಿಲ್ಲ ನೋಡ್ರಿ. ಹಿಂದಿಗೆ ದಿನಾ ಅರ್ಧಾ ತಾಸು ಹಿಂದಿ ಪೇಪರ್ ಓದ್ರಿ, ಸಾಕು.

ಮುಳುಗಡೆನಗರಿ:
ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ), ಪೋಕ್ಸೋ (ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡಿಯೂ ಕಾಯ್ದೆ) ಬಿಡಬ್ಯಾಡ್ರಿ. ಆರ್‌ಟಿಇ ಪ್ರಕಾರ ಎಸ್‌ಎಂಸಿ, ಅಂದ್ರ ಸಾಲಿ ಆಡಳಿತ ಸಮಿತಿದಾಗ ನಾಲ್ಕರಾಗ ಮೂರು ಪಾಲು ಪಾಲಕರು, ಒಟ್ಟು ಸದಸ್ಯರಾಗ ಅರ್ಧ ಹೆಣ್ಮಕ್ಕಳು, ಇಂಥಾವು ಬರ್ತಾವ. ಪೋಕ್ಸೋ ಮಾತ್ರ ಮಾರ್ಕ್ಸಿಗೆ ಅಂತ ಓದಬ್ಯಾಡ್ರಿ. ಹಿಂದ ನಾ ಇದ್ದ ಸಾಲ್ಯಾಗ ಏಳನೇತ್ತಾ ಹುಡುಗಿ ಒಬ್ಬಾಕಿ ಸಂಜೀ ಸಾಲಿ ಬಿಟ್ಟ ಮ್ಯಾಲ ನನ್ನ ಸೀರಿ ಸೆರಗ ಹಿಡಕೊಂಡು ಒಂದು ಮಾತ ಹೇಳಿದ್ಲು, ನಮ್ಮ ಹೆಡ್ ಸರ್ "ಮನಿಯವ್ರನ್ನ ಕರಸಿ ಮಾತಾಡಿ ಮುಗಸೂಣು" ಅಂದ್ರು. ಆಗ ನನಗೂ ಕಾಯ್ದೆ ಗೊತ್ತಿರಲಿಲ್ಲ. ಪೋಕ್ಸೋ ಸೆಕ್ಷನ್ 19ರಾಗ ಪೊಲೀಸರಿಗೆ ತಿಳಸಾಕಬೇಕು ಅಂತ ಐತಿ, ಸಂಸ್ಥಾದ ಮುಖ್ಯಸ್ಥ ಮುಚ್ಚಿಟ್ರ 21ರ ಪ್ರಕಾರ ಅವನಿಗೂ ಶಿಕ್ಷಾ. ಆ ಕುರ್ಚಿ ಮ್ಯಾಲ ಕೂಡವ್ರಿಗೆ ಇದು ಗೊತ್ತಿರಲೇಬೇಕ್ರಿ.

ಕುಂದಾನಗರಿ:
ಅಕ್ಕಾರ ಹೇಳಿದ್ದು ಖರೇ. ಮೇಡಂ, ಎನ್‌ಒಸಿಗೆ (ನಮ್ಮ ಇಲಾಖೆ ಕೊಡೂ ಒಪ್ಪಿಗಿ ಪತ್ರ) ಈಗ ಅರ್ಜಿ ಕೊಡ್ರಿ, ನಂದು ಒಂದ ಟೇಬಲ್ ಮ್ಯಾಲ ನಾಲ್ಕು ತಿಂಗಳು ಬಿದ್ದಿತ್ತು. ನೋಟಿಫಿಕೇಷನ್ ಬಂದ ಕೂಡ್ಲೆ ಅನುಭವದ ಕೆಳಗ ಪೇ ಲೆವೆಲ್ (ಪಗಾರದ ಶ್ರೇಣಿ) ಏನ್ ಕೇಳ್ಯಾರಂತ ಮೊದಲ ನೋಡ್ರಿ.

ಗುಮ್ಮಟನಗರಿ:
ಇಬ್ಬರಿಗೂ ಭಾಳ ಉಪಕಾರ ಆತ್ರಿ. ಸೋಮವಾರ ಎನ್‌ಒಸಿ ಅರ್ಜಿ ಕೊಡತೀನಿ. ಅಕ್ಕಾರ, ಆ ಹುಡುಗಿ ಈಗ ಹೆಂಗದಾಳ್ರಿ?

ಮುಳುಗಡೆನಗರಿ:
ಬಾಗಲಕೋಟಿಯೊಳಗ ನರ್ಸಿಂಗ್ ಓದಾಕತ್ಯಾಳ್ರಿ. ಯುಗಾದಿಗೆ ಫೋನ್ ಮಾಡಿದ್ಲು.